ಗಂಟಿಲ್ಲದ ರಿಬ್ಬನ್ನು

ಮೂರನೆಯ ಸಲವೂ ತುರುಬು ಎಡಕ್ಕೆ ವಾಲಿತು.

ರೂಪದರ್ಶಿ ಮಫ್ತುನಾ ಕೆಮ್ಮಿರಲಿಲ್ಲ, ನಕ್ಕಿರಲಿಲ್ಲ. ಮರದಿಂದ ಉದುರಿದ ಹಿಪ್ಪುನೇರಳೆ ಹಣ್ಣೊಂದು ಭುಜಕ್ಕೆ ತಗುಲಿತೆಂದು ಕತ್ತನ್ನು ಚೂರು ಹೊರಳಿಸಿದಳು, ಅಷ್ಟೆ. ಒಂದೂವರೆ ಗಂಟೆ ಬಾಚಿ, ಉಬ್ಬಿಸಿ, ಅರ್ಧ ಡಬ್ಬಿ ಸ್ಪ್ರೇ ಹೊಡೆದು ನಿಲ್ಲಿಸಿದ್ದ ಗೇಣೆತ್ತರದ ಕೂದಲು ಮೆಲ್ಲಗೆ ಕಿವಿಯ ಕಡೆ ಜಾರಿತು.

"ಹೋಯ್ತು," ಅಂದ ಗೆನಾ ಪಾಕ್, ಕ್ಯಾಮೆರಾ ಕೆಳಗಿಳಿಸುತ್ತ. "ಓಪಾ, ಇದು ತುರುಬಲ್ಲ. ಮದುವೆ ಮನೇಲಿ ಕುಡಿದು ಹೊರಟಿರೋ ನಮ್ಮ ಚಿಕ್ಕಪ್ಪ."

"ನಿಮ್ಮ ಚಿಕ್ಕಪ್ಪನ ತಲೇಲಿ ಕೂದಲಿದ್ರೆ ಕರ್ಕೊಂಡ್ ಬಾ, ಅವರಿಗೇ ಕಟ್ತೀನಿ," ಅಂದಳು ಎಲ್ಲರಿಗೂ ಓಪಾ, ಅಂದರೆ ಅಕ್ಕ, ಆಗಿದ್ದ ಸಬೋಹತ್, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. "ಅವರಾದ್ರೂ ಹಣ್ಣು ಬಿದ್ರೆ ಬೆಚ್ಚಲ್ಲ."

"ನನ್ನ ತಪ್ಪಾ ಓಪಾ?" ಮಫ್ತುನಾಳ ಕಣ್ಣು ತುಂಬಿತು.

"ನಿಂದೇನಿದೆ ಕಿಜಿಮ್, ಪುಟ್ಟಿ. ಅಳಬೇಡ, ಕಾಡಿಗೆ ಹರಿಯುತ್ತೆ."

ಮರ್ಗಿಲಾನಿನ ಹಳೆಯ ರೇಷ್ಮೆ ಗಿರಣಿಯ ಅಂಗಳ ಅದು. ಮಗ್ಗದ ಹೆಂಗಸರು ಕೆಲಸ ಬಿಟ್ಟು ಕಿಟಕಿಗಳಲ್ಲಿ ತುಂಬಿಕೊಂಡಿದ್ದರು. ತಾಷ್ಕೆಂಟಿನಿಂದ ಬಂದಿದ್ದ ಶೋಹಿಸ್ತಾ ಅಲ್ಲಿಯ ಅತ್ಲಾಸ್ ರೇಷ್ಮೆಯಲ್ಲಿ ಅಜ್ಜಿಯರ ಕಾಲದ ಉಡುಪು ಹೊಲಿಸಿದ್ದಳು: ಬಿಗಿಯಾದ ನಡು, ಮೊಣಕಾಲಿನವರೆಗೆ ಅಂಗಿ, ದುಂಡು ಕುತ್ತಿಗೆಪಟ್ಟಿ. ಅವುಗಳ ಚಿತ್ರದ ಪುಸ್ತಕ ಅಚ್ಚಾಗಬೇಕಿತ್ತು. ಇಷ್ಟಕ್ಕೆಲ್ಲ ಮೂಲ, ಗಿರಣಿಯ ಉಗ್ರಾಣದಲ್ಲಿ ಸಿಕ್ಕಿದ ಒಂದು ಫೋಟೋ. ಒಳ್ಳೆಯ ಕೆಲಸಗಾರರ ಪಟವನ್ನು ಗೇಟಿನ ಹತ್ತಿರ ಹಲಗೆಗೆ ಹಾಕುತ್ತಿದ್ದ ಕಾಲದ್ದು. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಗೋಪುರದ ಹಾಗೆ ಎದ್ದು ನಿಂತ ತುರುಬು, ಅದರ ಬುಡಕ್ಕೆ ಕಪ್ಪು ರಿಬ್ಬನ್ನು, ಮೂಗಿನ ಮೇಲೆ ಕೂಡಿಕೊಂಡ ಹುಬ್ಬು. ಹಿಂದೆ ಬರೆದಿದ್ದದ್ದು ಇಷ್ಟೇ: ನೂಲು ವಿಭಾಗ, 1966. ಹೆಸರಿಲ್ಲ.

ಶೋಹಿಸ್ತಾ ಮಫ್ತುನಾಳ ಸುತ್ತ ಒಂದು ಸುತ್ತು ಬಂದಳು. ಒಳ್ಳೆಯ ಹೆಣ್ಣು, ಆದರೆ ನಾಲಿಗೆಗೆ ಹೊದಿಕೆ ಹೊದಿಸುವವಳಲ್ಲ.

"ಓಪಾ, ಇದು ಮದುವೆ ಹೆಣ್ಣಿನ ತಲೆ. ಚೆನ್ನಾಗಿದೆ, ಆದ್ರೆ ಈ ವರ್ಷದ್ದು. ಮುಖಾನೂ ಅಷ್ಟೆ, ಗೋಡೆಗೆ ಸುಣ್ಣ ಹೊಡೆದ ಹಾಗಿದೆ. ನನಗೆ ಇವಳು ಬೇಕು." ಫೋಟೋವನ್ನು ಬೆರಳಿನಿಂದ ತಟ್ಟಿದಳು. "ನಾಳೆ ಮಧ್ಯಾಹ್ನದ ರೈಲಿಗೆ ತಾಷ್ಕೆಂಟಿನಿಂದ ತಲೆ ಕಟ್ಟೋ ಆರ್ತುರ್ ಬರ್ತಾನೆ. ವಿಗ್ಗು ಮಾಡಿಸಿ ಇಟ್ಟಿದ್ದಾನೆ. ಅವನು ಬರೋದ್ರೊಳಗೆ ಆಯ್ತು ಅಂದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ಅವನ್ದು. ಬೇಜಾರು ಮಾಡ್ಕೋಬಾರ್ದು."

"ಮಾಡ್ಕೊಳಲ್ಲ," ಅಂದಳು ಸಬೋಹತ್. ಮಾಡಿಕೊಂಡಿದ್ದಳು.

ಇಪ್ಪತ್ತೆಂಟು ವರ್ಷದಿಂದ ಊರಿನ ಮದುವೆ ಹೆಣ್ಣುಗಳಿಗೆ ತಲೆ ಕಟ್ಟಿ ಮುಖ ತಿದ್ದಿದವಳು ಅವಳು. ಅವಳ ಕೈಯಿಂದ ಎದ್ದ ಮುಖಗಳು ಅರ್ಧ ಊರಿನ ಗೋಡೆಗಳ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿವೆ. ಮೂಲೆಯಲ್ಲಿ ಸ್ಟುಡಿಯೋದ ಹೆಸರಿರುತ್ತದೆ. ಅಡುಗೆ ಯಾರದ್ದೆಂದು ಕೇಳುತ್ತಾರೆ, ಡೋಲು ಯಾರದ್ದೆಂದು ಕೇಳುತ್ತಾರೆ. ತಲೆ ಯಾರು ಕಟ್ಟಿದರೆಂದು ಒಬ್ಬರೂ ಕೇಳಿದ್ದಿಲ್ಲ. ಮೊದಲ ದಿನ ಶೋಹಿಸ್ತಾ ಪುಸ್ತಕದ ಕೊನೆಯ ಪುಟ ತೋರಿಸಿದ್ದಳು. ಉಡುಪು: ಶೋಹಿಸ್ತಾ. ಚಿತ್ರ: ಗೆನಾ ಪಾಕ್. ಕೇಶ ಮತ್ತು ಮುಖ: ಆಮೇಲೆ ಖಾಲಿ ಜಾಗ. ಆ ಖಾಲಿ ಜಾಗ ಅವತ್ತಿನಿಂದ ಸಬೋಹತಳ ಕಣ್ಣಿನ ಮುಂದೆಯೇ ಇತ್ತು. ಊರಿಗೆಲ್ಲ ತೋರಿಸಿಕೊಂಡು ತಿರುಗಬೇಕೆಂದಲ್ಲ. ಅಲ್ಲಿ ತನ್ನ ಹೆಸರು ಕೂತರೆ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಬೇಕು.

"ಫೋಟೋ ಸಂಜೇವರೆಗೂ ನನ್ನ ಹತ್ರ ಇರ್ಲಿ," ಅಂದಳು.

ಗೆನಾ ತನ್ನ ಫೋನಿನಲ್ಲಿ ಅದನ್ನು ಹಿಗ್ಗಿಸಿ ತೋರಿಸಿದ. ಹಿಗ್ಗಿದಷ್ಟೂ ಅದು ಮಸುಕಾಯಿತು. ಸಬೋಹತ್ ಮಗ್ಗದ ಮೇಸ್ತ್ರಿಯಿಂದ ಎಳೆ ಎಣಿಸುವ ಭೂತಗನ್ನಡಿ ಕೇಳಿ ತಂದು, ಮರದ ಕೆಳಗೆ ಕೂತು, ಕಾಗದಕ್ಕೇ ಹಚ್ಚಿ ನೋಡಿದಳು.

ತುರುಬು ನುಣ್ಣಗಿರಲಿಲ್ಲ. ಮೇಲೆ ಬಾಚಿದ ಕೂದಲು ತೆಳು ಪದರ; ಅದರ ಅಡಿಯಲ್ಲಿ ಏನೋ ಉಬ್ಬು ತಗ್ಗು, ಬೆತ್ತದ ಬುಟ್ಟಿಗೆ ಬಟ್ಟೆ ಮುಚ್ಚಿದ ಹಾಗೆ. ಒಳಗೆ ಏನೋ ತುಂಬಿದ್ದಾರೆ. ಆ ಕಾಲದಲ್ಲಿ ಹಳೆಯ ಕಾಲುಚೀಲ ತುಂಬುತ್ತಿದ್ದರೆಂದು ಅವಳು ಕೇಳಿದ್ದಳು. ಕಾಲುಚೀಲಕ್ಕೆ ಹೀಗೆ ಏಣು ಬರುವುದಿಲ್ಲ.

ಕನ್ನಡಿಯನ್ನು ರಿಬ್ಬನ್ನಿನ ಮೇಲೆ ಸರಿಸಿದಳು. ಶೋಹಿಸ್ತಾ ಅದನ್ನು ಮಖಮಲ್ ಎಂದುಕೊಂಡು ಒಂದು ಹೊಲಿಸಿಯೂ ತಂದಿದ್ದಳು. ಹುಡುಗಿ ಪಕ್ಕಕ್ಕೆ ತಿರುಗಿದ್ದರಿಂದ ಮುಂಭಾಗವೂ ಕಾಣುತ್ತಿತ್ತು, ಹಿಂಭಾಗವೂ ಅರ್ಧ ಕಾಣುತ್ತಿತ್ತು. ಎಲ್ಲೂ ಗಂಟಿಲ್ಲ, ತುದಿಯಿಲ್ಲ. ಅದರ ಮೈಮೇಲೆ ಗೋಧಿ ತೆನೆಯಂಥ ಗೆರೆ ಬೇರೆ.

"ಇದು ಬಟ್ಟೆ ಅಲ್ಲ," ಅಂದಳು ಜೋರಾಗಿಯೇ.

"ಯಾರ ಹತ್ರ ಮಾತಾಡ್ತಿದ್ದೀರ?" ಗೆನಾ ಕೇಳಿದ.

"ಇವಳ ಹತ್ರ. ನಿನಗಿಂತ ವಾಸಿ, ಮಧ್ಯೆ ಬಾಯಿ ಹಾಕಲ್ಲ."

ಆ ಕ್ಷಣಕ್ಕೆ ಅವಳಿಗೆ ಆರ್ತುರ್ ಮರೆತೇಹೋದ. ಯಾರು ಕಟ್ಟಿದರು ಇದನ್ನು? ಹೇಗೆ ನಿಲ್ಲಿಸಿದರು?

ಹೇಗೂ ನಾಳೆಯ ಹುಬ್ಬಿಗೆ ಉಸ್ಮಾ ಎಲೆ ತರಬೇಕಿತ್ತು. ಪೇಟೆಯಲ್ಲಿ ಕೊತ್ತಂಬರಿ ಸಾಲಿನ ಕೊನೆಗೆ ಒಂದು ಹೆಂಗಸು ಒದ್ದೆ ಗೋಣಿಯ ಮೇಲೆ ಅದನ್ನು ಕಟ್ಟು ಕಟ್ಟಿ ಮಾರುತ್ತಾಳೆ. ಹಿಂಡಿದರೆ ಪಾಚಿಯಂಥ ಹಸಿರು ರಸ, ಹುಬ್ಬಿನ ಮೇಲೆ ಒಣಗಿದರೆ ಕಪ್ಪು. ಸಬೋಹತ್ ಎರಡು ಕಟ್ಟು ತೆಗೆದುಕೊಂಡು, ಸುಮ್ಮನಿರಲಾರದೆ ಫೋಟೋ ಮುಂದೆ ಹಿಡಿದಳು.

"ಈ ಹುಡುಗೀನ ಎಲ್ಲಾದ್ರೂ ನೋಡಿದ್ದೀಯೇನೆ?"

ಆ ಹೆಂಗಸು ಮುಖ ನೋಡಲೇ ಇಲ್ಲ. ಹುಬ್ಬು ನೋಡಿದಳು. ಎಡಹುಬ್ಬಿನ ಕೊನೆ ಒಂದು ಸಣ್ಣ ಗಾಯದ ಕಲೆಯಿಂದ ಸೀಳಿ, ಪಾರಿವಾಳದ ಬಾಲದ ಹಾಗೆ ಎರಡಾಗಿತ್ತು.

"ಈ ಹುಬ್ಬು ಇನ್ನೂ ಓಡಾಡ್ಕೊಂಡಿದೆ," ಅಂದಳು. "ಗುರುವಾರ ಗುರುವಾರ ಬಂದು ನನ್ನ ಹತ್ರ ಎರಡು ಕಟ್ಟು ತಗೊಂಡ್ ಹೋಗುತ್ತೆ. ಎಲೆ ಬಾಡಿದ್ರೆ ಜಗಳಾನೂ ಆಡುತ್ತೆ. ಎನಾಖೋನ್ ಬುವಿ ಅನ್ನೋ ಅಜ್ಜಿ ಕಣಕ್ಕ, ಕಾಲುವೆ ದಾಟಿದ ಮೇಲೆ ನೀಲಿ ಬಾಗಿಲು."

ನೀಲಿ ಬಾಗಿಲು ತೆಗೆದವಳು ಸೊಸೆ. ದ್ರಾಕ್ಷಿ ಚಪ್ಪರದ ಕೆಳಗೆ ಅಗಲ ಮಂಚದ ಮೇಲೆ ಎಂಬತ್ತರ ಹತ್ತಿರದ ಮುದುಕಿ ಕಾಲು ಮಡಚಿ ಕೂತು ಏಪ್ರಿಕಾಟ್ ಬೀಜ ಒಡೆಯುತ್ತಿದ್ದಳು. ತಲೆಯ ಮೇಲೆ ಬಿಳಿ ವಸ್ತ್ರ, ಅದರ ಕೆಳಗೆ ಕಪ್ಪಾಗಿ ಮಿರುಗುವ ಹುಬ್ಬು, ಎಡಗಡೆಯದು ಸೀಳು. ಬ್ರೆಡ್ಡು ಮುರಿದಾಯಿತು, ಹಸಿರು ಚಹಾ ಬಂತು, ಮಕ್ಕಳು ಮೊಮ್ಮಕ್ಕಳ ಆರೋಗ್ಯವೆಲ್ಲ ವಿಚಾರಿಸಿಕೊಂಡಾಯಿತು. ಆಮೇಲೆ ಸಬೋಹತ್ ಫೋಟೋ ಮಂಚದ ಮೇಲಿಟ್ಟಳು.

ಬುವಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಯಾರೇ ಇವಳು? ಲಕ್ಷಣವಾಗಿದ್ದಾಳೆ. ಮದುವೆ ಆಗಿದ್ಯಂತಾ?"

"ಆಗಿರಬೇಕು ಬುವಿ. ಬಾಗಿಲಲ್ಲಿ ಸೊಸೇನ ನೋಡಿದೆ."

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಆ ಹಲಗೆ ಮೇಲೆ ಮೂರು ವರ್ಷ ಇತ್ತು ಇದು. ಗಂಡುಹುಡುಗರು ದಾರಿ ಸುತ್ತಿಬಳಸಿ ಗಿರಣಿ ಗೇಟಿನ ಮುಂದೆ ಹೋಗೋರು. ನನ್ನ ಯಜಮಾನರೂ ಹಾಗೇ ಸಿಕ್ಕಿಬಿದ್ದಿದ್ದು."

"ತುರುಬು ಹೇಗೆ ಕಟ್ಟಿದ್ರಿ ಬುವಿ? ನಾನು ಬೆಳಿಗ್ಗೆಯಿಂದ ಮೂರು ಸಲ ಕಟ್ಟಿ ಮೂರು ಸಲ ಬೀಳಿಸಿದೆ."

ತನ್ನ ಕಸುಬಿನವಳು ಸೋತೆನೆಂದು ಒಪ್ಪಿಕೊಂಡಿದ್ದು ಬುವಿಗೆ ಹಿಡಿಸಿತು. ಬೀಜ ಒಡೆಯುವ ಕಲ್ಲು ಕೆಳಗಿಟ್ಟಳು.

"ನನಗಾಗ ನಲವತ್ತು ಜಡೆ. ಇಲ್ಲೀವರೆಗೂ," ಎಂದು ಸೊಂಟದ ಕೆಳಗೆ ಕೈ ತೋರಿಸಿದಳು. "ಅಪ್ಪ ಅಮ್ಮ ಇಲ್ಲದವಳು, ಅಜ್ಜಿ ಸಾಕಿದ್ದು. ಗಿರಣಿ ದೊಡ್ಡ ಸಾಹೇಬ, ಹಲಗೆ ಮೇಲೆ ಬರೋಳು ಹೊಸ ಕಾಲದ ಹೆಣ್ಣಿನ ಹಾಗಿರಬೇಕು, ಜಡೆ ಕತ್ತರಿಸಿ ತಲೆ ಮಾಡಿಸ್ಕೊಂಡು ಬಾ ಅಂದ. ಅಜ್ಜಿ, ಒಂದು ಜಡೆ ಕತ್ತರಿಸಿದ್ರೂ ಈ ಹೊಸ್ತಿಲು ತುಳೀಬೇಡ ಅಂದ್ಳು. ನಾನೇನು ಮಾಡ್ಲಿ? ಊರಿನ ಸ್ನಾನದ ಮನೆ, ಹಮಾಮಿನ ಪಕ್ಕ ರಾಯಾ ಅನ್ನೋಳ ತಲೆ ಮಾಡೋ ಅಂಗಡಿ ಇತ್ತು. ಕೆಂಚು ಕೂದಲಿನ ಹೆಂಗಸು, ಯುದ್ಧದ ಕಾಲದಲ್ಲಿ ಎಲ್ಲಿಂದಲೋ ರೈಲು ಹತ್ತಿ ಬಂದ ಮಗು, ಇಲ್ಲೇ ಬೆಳೆದ್ಲು. ಯಾವಾಗಲೂ ಬಾಯಲ್ಲಿ ಸಿಗರೇಟು. ಅವಳ ಮುಂದೆ ಕೂತು ಗೊಳೋ ಅಂತ ಅತ್ತೆ."

"ಅವಳೇನಂದ್ಲು?"

"'ಕತ್ತರಿಸೋದು ಯಾಕೆ ದಡ್ಡಿ, ಬಚ್ಚಿಡೋಣ' ಅಂದ್ಲು."

ಸಬೋಹತ್ ಹಿಡಿದಿದ್ದ ಬಟ್ಟಲು ಹಾಗೇ ನಿಂತಿತು. ಬೆತ್ತದ ಬುಟ್ಟಿಯ ಏಣು ಎಲ್ಲಿಂದ ಬಂತೆಂದು ತಿಳಿಯಿತು. ಒಳಗೆ ತುಂಬಿದ್ದು ಜಡೆಯನ್ನೇ!

"ಹಣೆ ಮೇಲಿನ ಕೂದಲು ಹೆಣೆದಿರಲಿಲ್ಲ, ಅದನ್ನ ಮುಂದಕ್ಕೆ ಬಿಟ್ಟಳು," ಬುವಿ ಕೈಯಲ್ಲೇ ಗಾಳಿಯಲ್ಲಿ ಕಟ್ಟಿ ತೋರಿಸುತ್ತಿದ್ದಳು. "ಹಿಂದಿನ ಜಡೆ ಒಂದೊಂದೇ ಎತ್ತಿ, ಹಕ್ಕಿ ಗೂಡಿನ ಹಾಗೆ ಸುತ್ತಿ, ಮೂವತ್ತೊಂಬತ್ತನ್ನೂ ಒಂದರ ಮೇಲೊಂದು ಕೂರಿಸಿದ್ಲು. ಮುಂದಿನ ಕೂದಲಿಗೆ ಸಕ್ಕರೆ ನೀರು ಹಚ್ಚಿ ಹಿಂದಕ್ಕೆ ಎಳೆದು ಮುಚ್ಚಿದ್ಲು. ರೆಪ್ಪೆಗೆ ಹಚ್ಚೋ ಕಪ್ಪು ಅವಳ ಹತ್ರ ಬಿಲ್ಲೆ ಥರ ಇತ್ತು, ಅದಕ್ಕೆ ಥೂ ಅಂತ ಉಗಿದು ಕುಂಚ ಅದ್ದಿದ್ಲು. ಕೆನ್ನೆಗೆ ಬೀಟ್‌ರೂಟು. ಫೋಟೋ ತೆಗೆಸಿ ಮನೆಗೆ ಬಂದೆ. ಅಜ್ಜಿಗೆ ಅಷ್ಟರಲ್ಲೇ ಯಾರೋ ಚಾಡಿ ಹೇಳಿದ್ರು, ನಿನ್ನ ಮೊಮ್ಮಗಳು ಕೂದಲು ಕತ್ತರಿಸಿದ್ಲು ಅಂತ. ಬಾಗಿಲಲ್ಲೇ ಕೂರಿಸಿ, ಜಡೆ ಒಂದೊಂದೇ ಹಿಡಿದು ಎಣಿಸಿದ್ಲು. ನಲವತ್ತಕ್ಕೆ ನಲವತ್ತು! ಚಾಡಿ ಹೇಳಿದವಳ ಮನೆ ಮುಂದೆ ಹೋಗಿ ಕೂಗಾಡಿ ಬಂದ್ಲು."

ಆ ಕಡೆ ಪಾತ್ರೆ ತೊಳೆಯುತ್ತಿದ್ದ ಸೊಸೆ ನಕ್ಕಳು. "ಈ ಕಥೆ ನಮಗೆಲ್ಲ ಬಾಯಿಪಾಠ ಓಪಾ. ನನ್ನ ಮಗಳು ಕೂದಲು ಗಿಡ್ಡ ಮಾಡಿಸ್ತೀನಿ ಅಂದಾಗ ಮೂರು ದಿನ ಇದನ್ನೇ ಹೇಳಿದ್ರು."

ಸಬೋಹತ್ ನಗಲಿಲ್ಲ. ಪಿನ್ನುಗಳನ್ನು ಎಣಿಸಿ ತಲೆಗೆ ಹಾಕಿ ಎಣಿಸಿ ತೆಗೆಯುವವಳು ಅವಳು. ಒಂದು ಪಿನ್ನು ಒಳಗೇ ಉಳಿದರೆ ರಾತ್ರಿ ಮದುಮಗಳ ತಲೆಗೆ ಚುಚ್ಚುತ್ತದೆ.

"ಬುವಿ, ನಲವತ್ತನೇದು ಎಲ್ಲಿತ್ತು?"

"ಎಲ್ಲಿತ್ತು ಅಂದ್ರೆ?"

"ಒಳಗೆ ಸುತ್ತಿದ್ದು ಮೂವತ್ತೊಂಬತ್ತು ಅಂದ್ರಿ."

"ವಯಸ್ಸಾಯ್ತು ಮಗಳೇ. ನಾಲಿಗೆ ಹೊರಳುತ್ತೆ."

ಸಬೋಹತ್ ಭೂತಗನ್ನಡಿಯನ್ನು ಫೋಟೋದ ಮೇಲಿಟ್ಟು, ಮುದುಕಿಯ ಕಡೆಗೆ ಸರಿಸಿದಳು. "ಈ ರಿಬ್ಬನ್ನಿಗೆ ಗಂಟೇ ಇಲ್ಲ," ಅಂದಳು ಮೆಲ್ಲಗೆ.

ಬುವಿ ಕನ್ನಡಿಯೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತದೆಯೇ, "ಸೊಸೆ, ಹೋಗಿ ಎರಡು ಬ್ರೆಡ್ಡು ತಗೊಂಡ್ ಬಾ," ಅಂದಳು.

"ಬುಟ್ಟಿ ತುಂಬ ಇದೆ ಅಮ್ಮ."

"ಬಿಸೀದು ತಗೊಂಡ್ ಬಾ."

ನೀಲಿ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಬುವಿ ದನಿ ತಗ್ಗಿಸಿದಳು.

"ನಿನ್ನ ಹಾಗೇ ಅವಳದ್ದೂ ಮೂರು ಸಲ ಜಾರ್ತು. ನಲವತ್ತನೇ ಜಡೇಲಿ ಬುಡ ಸುತ್ತಿ ನೋಡಿದ್ಲು, ಪಿನ್ನು ಚುಚ್ಚಿ ನೋಡಿದ್ಲು. ಕತ್ತು ತಿರುಗಿಸಿದ್ರೆ ವಾಲೋದು. ಆಮೇಲೆ ಸಿಗರೇಟು ಹಚ್ಚಿ, ಸುಮ್ನೆ ನನ್ನೇ ನೋಡಿ, 'ಒಂದು ಕೊಡ್ತೀಯಾ' ಅಂದ್ಲು. ತಲೆಗೆ ಅಂಟಿರೋ ಜಡೆ ತನ್ನ ಬುಡದ ಕಡೆಗೇ ಎಳೆಯುತ್ತೆ. ಬಿಡಿ ಜಡೆ ಆದ್ರೆ ಸುತ್ತಲೂ ಒಂದೇ ಸಮ ಹಿಡಿಯುತ್ತೆ. ನಾನು ಹೂಂ ಅಂದೆ. ಕತ್ತಿನ ಹತ್ರ, ಕಾಣದ ಕಡೆ, ಒಂದು. ಕತ್ತರಿ ಸದ್ದು ಇನ್ನೂ ಕಿವೀಲಿದೆ. ಅದನ್ನ ಬುಡಕ್ಕೆ ಸುತ್ತಿ, ರಜಾಯಿ ಹೊಲಿಯೋ ದಬ್ಬಳದಲ್ಲಿ ಗೂಡಿಗೆ ಸೇರಿಸಿ ಹೊಲಿದ್ಲು. ಎರಡು ತುದೀನೂ ಒಳಗೆ. ಆಮೇಲೆ ನಾನು ಕುಣಿದ್ರೂ ಅಲ್ಲಾಡ್ಲಿಲ್ಲ."

"ಹಾಗಾದ್ರೆ ಅಜ್ಜಿ ಎಣಿಸಿದ್ದು?"

"ಮನೆಗೆ ಬರೋ ಮುಂಚೆ ರಾಯಾ ಜಡೆಯೆಲ್ಲ ಕೆಳಗಿಳಿಸಿದ್ಲು. ಹೊಲಿಗೆ ಬಿಚ್ಚೋವಾಗ ಆ ಬಿಡಿ ಜಡೆ ಚಿಂದಿಯಾಯ್ತು. ನಾನು ಗಿರಣಿಗೆ ಓಡಿ ಕಪ್ಪು ರೇಷ್ಮೆ ನೂಲು ತಂದೆ. ಅದನ್ನ ಹೆಣೆದು ಆ ಮೋಟು ಕೂದಲಿಗೆ ಕಟ್ಟಿದ್ಲು. ಅಜ್ಜಿಗೆ ಕಣ್ಣು ಮಂಜು, ಬೆರಳಲ್ಲೇ ಎಣಿಸೋಳು. ಆ ಒಂದರ ಹತ್ರ ಬೆರಳು ಸ್ವಲ್ಪ ನಿಂತಿತು." ಬುವಿ ತನ್ನ ಹೆಬ್ಬೆರಳಿನಿಂದ ತೋರುಬೆರಳು ಸವರಿಕೊಂಡಳು. "ರೇಷ್ಮೆ ನೂಲಿನಲ್ಲೇ ಬಾಳಿದ ಕೈ ಅದು. ಆಮೇಲೆ ನಲವತ್ತು ಅಂದ್ಲು. ತಿಳೀತೋ ಇಲ್ವೋ, ನನಗಿವತ್ತಿಗೂ ಗೊತ್ತಿಲ್ಲ."

ಸಬೋಹತ್ ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

"ನಾನಿರೋವರೆಗೂ ಯಾರಿಗೂ ಹೇಳಬೇಡ," ಅಂದಳು ಬುವಿ. "ಇಡೀ ಬೀದೀಲಿ ನಲವತ್ತೂ ಉಳಿಸಿಕೊಂಡವಳು ನಾನೊಬ್ಬಳೇ ಅಂತ ಮೆರೆದಿದ್ದೀನಿ. ಆ ಮೊಮ್ಮಗಳು ಪಾಪ, ಇನ್ನೂ ಗಿಡ್ಡ ಮಾಡಿಸಿಲ್ಲ. ಈಗ ಗೊತ್ತಾದ್ರೆ ನನ್ನ ಮುಖ ನೋಡ್ತಾಳಾ?"

"ಹೇಳಲ್ಲ ಬುವಿ. ಆದ್ರೆ ಆ ಹುಡುಗಿಗೆ ಕೂದಲು ಗಿಡ್ಡ ಮಾಡಿಸ್ಬೇಕು ಅಂತಿದ್ರೆ ನನ್ನ ಹತ್ರ ಕಳಿಸಿ."

"ನೀನು ಬಲು ಪಾಕಡ," ಅಂದಳು ಬುವಿ. ಕಳಿಸುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಸಬೋಹತ್ ಗಿರಣಿಯ ಆರು ಹೆಂಗಸರನ್ನು ಮಫ್ತುನಾಳ ಸುತ್ತ ಕೂರಿಸಿದಳು. ಮಗ್ಗದ ಮೇಲೆ ಎಳೆ ಜೋಡಿಸುವ ಬೆರಳುಗಳು. ಹೆಣೆಯುವುದು ಅವರಿಗೆ ಆಟ. ಹುಳಿಮೊಸರು ಹಚ್ಚಿ ತೊಳೆದ ಕೂದಲನ್ನು ಹಣೆಯ ಮೇಲೊಂದು ಅಂಗೈಯಗಲ ಬಿಟ್ಟು, ಉಳಿದದ್ದನ್ನೆಲ್ಲ ಹಂಚಿಕೊಂಡರು.

"ನೀನು ಏಳು ಹೆಣೆದೆಯಾ? ಅಲ್ಲಿ ನೋಡಿದ್ರೆ ಐದೇ ಇವೆ."

"ನನ್ನವು ದಪ್ಪ. ನಿನ್ನವು ಇಲಿ ಬಾಲ."

"ಇಲಿ ಬಾಲಾನೇ ಗೂಡಲ್ಲಿ ಚೆನ್ನಾಗಿ ಸುತ್ತಿಕೊಳ್ಳೋದು, ಬಿಡ್ರೇ," ಅಂದಳು ಸಬೋಹತ್.

"ನನ್ನ ತಲೆ ಇದು, ಸಂತೆ ಅಲ್ಲ," ಅಂತ ನಡುವೆ ಮಫ್ತುನಾಳ ಸಣ್ಣ ದನಿ ಬಂತು.

ಒಂಬತ್ತಕ್ಕೆ ನಲವತ್ತೂ ಮುಗಿದವು. ಸಬೋಹತ್ ಹೆಂಗಸರನ್ನು ಚಹಾಕ್ಕೆ ಕಳಿಸಿ, ನೂಲಿನ ಕೋಣೆಯ ಬಾಗಿಲು ಹಾಕಿಕೊಂಡಳು. ಮಫ್ತುನಾಳ ಒಂದು ಕೂದಲನ್ನೂ ಅವಳು ಕತ್ತರಿಸಬೇಕಿರಲಿಲ್ಲ. ಹಿಂದಿನ ಸಂಜೆಯೇ ಕಪ್ಪು ರೇಷ್ಮೆ ನೂಲಿನಲ್ಲಿ ಒಂದು ಬಿಡಿ ಜಡೆ ಹೆಣೆದಿಟ್ಟಿದ್ದಳು. ಜಡೆಗಳನ್ನು ಒಂದರ ಮೇಲೊಂದು ಸುತ್ತಿ ಕೂರಿಸಿದಳು. ಬುಡಕ್ಕೆ ರೇಷ್ಮೆಯ ಜಡೆ ಸುತ್ತಿ ದಬ್ಬಳದಲ್ಲಿ ಹೊಲಿಯುವಾಗ ಕೈ ತಾನಾಗಿ ದಾರಿ ಕಂಡುಕೊಂಡಿತು. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎನ್ನುವುದನ್ನು ಯಾರೋ ಹಿಂದೆ ನಿಂತು ಹೇಳಿದ ಹಾಗಿತ್ತು. ತುದಿಗಳನ್ನು ಒಳಗೆ ತಳ್ಳಿ, ಮುಂದಿನ ಕೂದಲಿಗೆ ಸಕ್ಕರೆ ನೀರು ಹಚ್ಚಿ ಹಿಂದಕ್ಕೆ ಎಳೆದು ಮುಚ್ಚಿದಳು.

ಮುಖಕ್ಕೆ ಬಂದಾಗ ನಿನ್ನೆಯ ಸುಣ್ಣವನ್ನೆಲ್ಲ ಮರೆತಳು. ತೆಳುವಾಗಿ ಪೌಡರು, ರೆಪ್ಪೆಯ ಅಂಚಿಗೆ ಕೊನೆಯಲ್ಲಿ ಮೇಲಕ್ಕೆದ್ದ ಒಂದು ಕಪ್ಪು ಗೆರೆ, ಉಸ್ಮಾ ರಸದಲ್ಲಿ ಕೂಡುಹುಬ್ಬು. ಕೆನ್ನೆಗೆ ಬೀಟ್‌ರೂಟು ಉಜ್ಜಿ, ಬಾಗಿಲು ಸ್ವಲ್ಪ ತೆಗೆದು ಗೆನಾನನ್ನು ಕರೆದಳು.

"ಅಯ್ಯೋ, ಹುಬ್ಬು ಹಸಿರು! ಕಪ್ಪೆಗೆ ಮದುವೆಯಾ?"

"ಒಣಗೋವರೆಗೂ ಬಾಯಿ ಮುಚ್ಕೊಂಡಿರು. ನಿನ್ನ ಡಬ್ಬೀಲಿ ಬಣ್ಣ ತೆಗೆದು ಕಪ್ಪು ಬಿಳುಪಲ್ಲಿ ಇವಳ ಮುಖ ತೋರ್ಸು."

ಗೆನಾ ತೋರಿಸಿದ. ಕನ್ನಡಿಯಲ್ಲಿ ಹಿತವಾಗಿದ್ದ ಕೆಂಪು ಬಣ್ಣ, ಕಪ್ಪು ಬಿಳುಪಿನಲ್ಲಿ ಕೆನ್ನೆ ಬತ್ತಿದವಳ ನೆರಳಿನ ಹಾಗೆ ಕಂಡಿತು. ಸಬೋಹತ್ ಅರ್ಧ ಒರೆಸಿದಳು, ಮತ್ತೆ ನೋಡಿದಳು, ಇನ್ನೂ ಸ್ವಲ್ಪ ಒರೆಸಿದಳು. ಆ ಹೊತ್ತಿಗೆ ಗೆನಾನ ತಮಾಷೆ ನಿಂತಿತ್ತು. ಅವನು ಫೋಟೋವನ್ನೂ ಪರದೆಯನ್ನೂ ಒಂದರ ಪಕ್ಕ ಒಂದು ಹಿಡಿದು, "ಓಪಾ, ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ," ಅಂದ.

ಅಂಗಳದಲ್ಲಿ ಶೋಹಿಸ್ತಾ ಮಫ್ತುನಾಳ ಹಿಂದೆ ಹೋಗಿ ನಿಂತಳು, ಮುಂದೆ ಬಂದು ನಿಂತಳು.

"ಕತ್ತು ತಿರುಗ್ಸು."

ತಿರುಗಿಸಿದಳು.

"ಹಾರು."

ಹಾರಿದಳು. ಅತ್ಲಾಸಿನ ಅಂಗಿ ಚಿಮ್ಮಿತು, ತುರುಬು ಕೂತಲ್ಲೇ ಕೂತಿತ್ತು. ಕಿಟಕಿಗಳಿಂದ ಹೆಂಗಸರು ಚಪ್ಪಾಳೆ ತಟ್ಟಿದರು.

"ಇನ್ನೊಂದ್ಸಲ ಹಾರು," ಅಂದಳು ಶೋಹಿಸ್ತಾ, ಈಗ ನಗುತ್ತ.

ಗೆನಾ ಬಿಡದೆ ತೆಗೆಯುತ್ತಿದ್ದಾಗಲೇ ರೈಲಿಳಿದು ಬಂದ ಆರ್ತುರ್ ಗೇಟಿನೊಳಗೆ ಕಾಲಿಟ್ಟ. ತೆಳ್ಳಗಿನ ಗಂಡಸು, ದೂರಕ್ಕೇ ಬಡಿಯುವ ಅತ್ತರು, ಕೈಯಲ್ಲಿ ವಿಗ್ಗಿನ ದುಂಡು ಪೆಟ್ಟಿಗೆ. ತನಗಿಲ್ಲಿ ಕೆಲಸವಿಲ್ಲವೆಂದು ಒಂದೇ ನೋಟಕ್ಕೆ ತಿಳಿಯಿತು. ಕೋಪ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮಫ್ತುನಾಳ ಸುತ್ತ ಎರಡು ಸುತ್ತು ಹಾಕಿ, ಮೂಗು ಹತ್ತಿರ ತಂದ.

"ಸಕ್ಕರೆ ನೀರು," ಅಂದ. "ಅದು ಸರಿ. ಒಳಗೇನಿದೆ ಓಪಾ?"

"ತಲೆ."

"ತಲೆ ಮೇಲೆ?"

"ಕೂದಲು." ಅವನ ಬೆರಳು ತುರುಬಿನ ಕಡೆ ಹೋಗುವುದರೊಳಗೆ ಸಬೋಹತ್ ಅದರ ಮೇಲೊಂದು ಏಟು ಕೊಟ್ಟಳು. "ಕೂತ್ಕೋ, ಸಂಸಾ ತಿನ್ನು, ಬಿಸಿ ಇದೆ. ದೂರದಿಂದ ಬಂದಿದ್ದೀಯ."

ಆರ್ತುರ್ ಸಂಸಾ ತಿಂದ. ಆದರೆ ಕಣ್ಣು ಅಲ್ಲೇ ಇತ್ತು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಎಂಟು ಉಡುಪಿನ ಚಿತ್ರಗಳೂ ಮುಗಿದವು. ಸಬೋಹತ್ ಮಫ್ತುನಾಳನ್ನು ಒಳಗೆ ಕರೆದೊಯ್ದು, ಬಾಗಿಲು ಹಾಕಿ, ಹೊಲಿಗೆ ಬಿಚ್ಚಿ, ರೇಷ್ಮೆಯ ಜಡೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು. ಶೋಹಿಸ್ತಾ ಫೋನಿನಲ್ಲಿ ಕೊನೆಯ ಪುಟ ತೆರೆದು ಕಾಯುತ್ತಿದ್ದಳು.

"ಓಪಾ, ಒಂದು ಸಾಲು ಸಾಲ್ದು. ನಿಮಗೆ ಇಡೀ ಪುಟ ಕೊಡ್ತೀನಿ. ನಿಮ್ಮ ಫೋಟೋ, ಪಕ್ಕದಲ್ಲಿ ತುರುಬು ಹೇಗೆ ಕಟ್ಟೋದು ಅಂತ ಒಂದೊಂದೇ ಚಿತ್ರ. ಇನ್ನೊಂದ್ಸಲ ಕಟ್ಟಿ ತೋರ್ಸಿ, ಗೆನಾ ತೆಗೀತಾನೆ. ಆ ಕಪ್ಪು ಪಟ್ಟಿ ಏನು, ಯಾಕೆ ಅಂತೆಲ್ಲ. ತಾಷ್ಕೆಂಟಿನಿಂದ ಜನ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ."

ಇಡೀ ಪುಟ! ಸಬೋಹತ್ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಸುಳ್ಳು ಹೇಳಬೇಕಾಗಿಲ್ಲ, 'ಕಪ್ಪು ನೂಲು' ಅಂದರೆ ಸಾಕು. ಆದರೆ ಹಳೆಯ ಫೋಟೋ ಅದೇ ಪುಸ್ತಕದ ಮೊದಲ ಪುಟದಲ್ಲಿ ಬರುತ್ತದೆ. ಎರಡನ್ನೂ ನೋಡಿದ ಒಬ್ಬ ಜಾಣೆ ಸಾಕು, ಫೋಟೋದ ಹುಡುಗಿಯ ಪಟ್ಟಿ ಹಾಗಾದರೆ ಯಾವುದರದ್ದು ಎಂದು ಕೇಳುವುದಕ್ಕೆ. ಆ ಜಾಣೆ ನೀಲಿ ಬಾಗಿಲಿನ ಒಳಗೇ ಬೆಳೆಯುತ್ತಿದ್ದಾಳೆ, ಉದ್ದ ಕೂದಲು ಬಿಟ್ಟುಕೊಂಡು.

"ಪುಟ ಬೇಡ," ಅಂದಳು. "ಕಟ್ಟಿ ಕೊಡ್ತೀನಿ. ಹೇಳಿ ಕೊಡಲ್ಲ. ಸಾಲು ಕೊಡ್ತೀನಿ ಅಂದಿದ್ರಲ್ಲ, ಅದು ಸಾಕು."

ಶೋಹಿಸ್ತಾ ಅವಳ ಮುಖ ನೋಡಿದಳು. ಒತ್ತಾಯ ಮಾಡಿದರೆ ಇದು ಜಾರುವ ತುರುಬಲ್ಲ ಎಂದು ಅವಳಿಗೂ ಅರ್ಥವಾಯಿತು. "ಸರಿ. ಕೇಶ ಮತ್ತು ಮುಖ: ಸಬೋಹತ್ ಯೂಲ್ದೋಶೆವಾ. ಹೀಗೇ ತಾನೆ?"

ಸಬೋಹತ್ ಬಗ್ಗಿ ನೋಡಿದಳು. ಖಾಲಿ ಜಾಗದಲ್ಲಿ ಅವಳ ಹೆಸರು ಸಣ್ಣ ಅಕ್ಷರದಲ್ಲಿ, ನೆಟ್ಟಗೆ ಕೂತಿತ್ತು. ಇಷ್ಟು ಚೆನ್ನಾಗಿ ಕಾಣುತ್ತದೆಂದು ಅವಳು ಎಣಿಸಿರಲಿಲ್ಲ. ಬೆಳಿಗ್ಗೆ ದಬ್ಬಳ ತಾನೇ ದಾರಿ ಹಿಡಿದು ಹೋದದ್ದು ಆಗ ನೆನಪಾಯಿತು.

"ಮುಂದೆ ಇನ್ನೊಂದು ಹೆಸರು ಸೇರ್ಸಿ. ರಾಯಾ."

"ಅದ್ಯಾರು?"

"ಈ ತುರುಬು ಅವಳದ್ದು. ನಾನು ನೋಡಿ ಕಟ್ಟಿದ್ದು."

"ಆ ಸಾಲಲ್ಲಿ ಒಂದೇ ಹೆಸರು ಹಿಡಿಯೋದು ಓಪಾ."

"ನನ್ನ ಅಕ್ಷರ ಚಿಕ್ಕದು ಮಾಡಿ."

"ರಾಯಾ ಏನು? ಬರೀ ರಾಯಾ ಅಂತ ಹಾಕೋಕ್ಕಾಗಲ್ಲ, ಊರ ತುಂಬ ರಾಯಾಗಳೇ. ಪೂರ್ತಿ ಹೆಸರು?"

ಸಬೋಹತಳಿಗೆ ಗೊತ್ತಿರಲಿಲ್ಲ. ಎನಾಖೋನ್ ಬುವಿಗೆ ಫೋನು ಹಚ್ಚಿದಳು.

"ಪೂರ್ತಿ ಹೆಸರಾ?" ಬುವಿಯ ದನಿ ಆ ಕಡೆಯಿಂದ ಬಂತು. "ರಾಯಾ ಅಂತಿದ್ವಿ. ಯಾರು ಕೇಳಿದ್ರು ಅದನ್ನ? ಆಮೇಲೆ ಎಲ್ಲಿಗೆ ಹೋದ್ಲೋ. ಒಂದು ದಿನ ಅಂಗಡಿಗೆ ಬೀಗ ಬಿದ್ದಿತ್ತು." ಸ್ವಲ್ಪ ತಡೆದು, "ಯಾಕೇ, ಏನಾದ್ರೂ ಹೇಳಿಬಿಟ್ಯಾ?"

"ಇಲ್ಲ ಬುವಿ. ಅವಳ ಹೆಸರು ಹಾಕಿಸ್ತಿದ್ದೀನಿ, ಅಷ್ಟೆ."

"ಹಾಕ್ಸು, ಹಾಕ್ಸು," ಅಂದಳು ಬುವಿ. "ಪಾಪ, ಎಷ್ಟು ಜನರ ತಲೆ ಮಾಡಿದ್ಲು."

"ಶುಕ್ರವಾರ ಅಚ್ಚಿಗೆ ಹೋಗುತ್ತೆ," ಅಂದಳು ಶೋಹಿಸ್ತಾ. "ಗುರುವಾರ ಸಂಜೆ ಒಳಗೆ ಪೂರ್ತಿ ಹೆಸರು ತಂದ್ರೆ ಎರಡೂ ಹಾಕ್ತೀನಿ. ಇಲ್ಲಾಂದ್ರೆ ನಿಮ್ದೊಂದೇ."

ಮನೆಗೆ ಬಲಕ್ಕೆ ತಿರುಗಬೇಕಿತ್ತು. ಸಬೋಹತ್ ಎಡಕ್ಕೆ ತಿರುಗಿ ಹಳೆಯ ಹಮಾಮಿನ ಬೀದಿ ಹಿಡಿದಳು. ಅಂಗಡಿ ಇದ್ದ ಜಾಗದಲ್ಲಿ ಫೋನು ರಿಪೇರಿ ನಡೆಯುತ್ತಿತ್ತು. ಅಲ್ಲಿ ಕೂತಿದ್ದವರಿಗೆ ಮೊನ್ನೆಯ ಮಾತೇ ನೆನಪಿಲ್ಲ, ಐವತ್ತು ಅರವತ್ತು ವರ್ಷದ್ದು ಎಲ್ಲಿಂದ ಬರಬೇಕು? ಅವಳು ಬೀದಿಯ ಉದ್ದಕ್ಕೂ ಕಣ್ಣಾಡಿಸಿದಳು. ತಲೆ ಮಾಡುವವಳು ಕತ್ತರಿ ಹಿಡಿದು ತಪ್ಪದೆ ಹೋಗುವ ಬಾಗಿಲು ಯಾವುದು? ನಾಲ್ಕು ಬಾಗಿಲಿನಾಚೆ ಕಿಡಿ ಹಾರುತ್ತಿತ್ತು. ಒಬ್ಬಾತ ಸಾಣೆಚಕ್ರಕ್ಕೆ ಚಾಕು ಕೊಟ್ಟು ಕೂತಿದ್ದ.

"ಅಣ್ಣ, ಕತ್ತರೀನೂ ಮಸೀತೀರಾ?"

"ಅಪ್ಪನ ಕಾಲದಿಂದ."

"ಹಮಾಮಿನ ಪಕ್ಕ ರಾಯಾ ಅಂತ ಒಬ್ಬಳಿದ್ದಳಂತೆ, ಹೆಂಗಸರ ತಲೆ ಮಾಡೋಳು. ಕೆಂಚು ಕೂದಲು."

ಆತ ಚಕ್ರ ನಿಲ್ಲಿಸಿದ. "ನಾನು ಕಂಡಿಲ್ಲ ಓಪಾ. ಅಪ್ಪ ಗಿರಾಕಿಗಳ ಪೂರ್ತಿ ಹೆಸರನ್ನೆಲ್ಲ ಕತ್ತರಿ ಪೆಟ್ಟಿಗೆ ಮುಚ್ಚಳಕ್ಕೆ ಬರೀತಿದ್ರು. ಪೆಟ್ಟಿಗೆ ಎಲ್ಲಿದೆ ಅಂತ ಅವರೇ ಹೇಳ್ಬೇಕು. ಒಳಗಿದ್ದಾರೆ, ಎಚ್ಚರವಾಗಿದ್ದಾರೆ. ಕಿವಿ ಮಂದ, ಸ್ವಲ್ಪ ಜೋರಾಗಿ ಕೂಗಿ."

ಸಬೋಹತ್ ಚಪ್ಪಲಿ ಬಿಟ್ಟು, ಬಾಗಿಲಿನ ಪರದೆ ಸರಿಸಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋದಳು.